ಕೊಳ್ಳೋಣವೆ, ಕಟ್ಟೋಣವೆ?

ಕೊಳ್ಳುವುದೋ, ಮನೆಯಲ್ಲೇ ಮಾಡಿಕೊಳ್ಳುವುದೋ ಎಂಬ ಪ್ರಶ್ನೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಹಪ್ಪಳ, ಶಾವಿಗೆ, ಚಟ್ನಿಪುಡಿ, ರವಿಕೆ, ಸ್ವೆಟರು ಎಲ್ಲದರಲ್ಲೂ ಈ ಲೆಕ್ಕ ಹಾಕಿಯೇ ಸಂಸಾರ ತೂಗಿಸಿದವರು ನಾವು. ಅಂಗಡಿಯ ಶಾವಿಗೆ ತಂದ ಸೊಸೆಯನ್ನು ಅತ್ತೆ ಒಂದು ಬಗೆಯಾಗಿ ನೋಡುತ್ತಿದ್ದ ಕಾಲವನ್ನೂ ಕಂಡಿದ್ದೇವೆ. ಆದರೆ ಅದೇ ಪ್ರಶ್ನೆ ರೇಸ್ ಕಾರಿನ ರೂಪ ತಾಳಿ ನಮ್ಮ ಮನೆಗೆ ಬಂದೀತೆಂದು ನಾನು ಎಣಿಸಿರಲಿಲ್ಲ.

ತಂದವಳು ನನ್ನ ತಂಗಿಯ ಮಗಳು. ತಾಯಿ ತೀರಿಕೊಂಡ ಮೇಲೆ ಹತ್ತನೆಯ ವಯಸ್ಸಿನಿಂದ ನನ್ನ ಬಳಿಯೇ ಬೆಳೆದವಳು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಿದ್ದಾಳೆ, ವಯಸ್ಸು ಇಪ್ಪತ್ತಾರು. ಅವಳ ಮದುವೆಯ ಬಂಗಾರಕ್ಕೆಂದು ನನ್ನ ಸಂಬಳದಲ್ಲಿ ಉಳಿಸಿ ಅಂಚೆ ಕಚೇರಿಯಲ್ಲಿ ಇಟ್ಟಿದ್ದ ಹಣ ಕೈಗೆ ಬಂದಿತ್ತು. ನಾಲ್ಕು ಲಕ್ಷ. "ದೊಡ್ಡಮ್ಮ, ಬಂಗಾರ ಬ್ಯಾಡ. ಈ ರೊಕ್ಕದಾಗ ಒಂದು ರೇಸ್ ಕಾರ್ ಕಟ್ತೀನಿ" ಎಂದಳು. ಹೊರಗಿನವರು ಕೇಳಿದರೆ ನಗುವ ಮಾತು. ನನಗೆ ನಗು ಬರಲಿಲ್ಲ. ಅವಳು ಹಟಕ್ಕಾಗಿ ಮಾತಾಡುವ ಹುಡುಗಿಯಲ್ಲ.

ನಮ್ಮೂರು ವಡ್ಡು. ಪಕ್ಕದಲ್ಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಆಚೆ ಸಂಡೂರಿನ ಅದಿರಿನ ಬೆಟ್ಟಗಳು. ಒಗೆದು ಹಾಕಿದ ಬಿಳಿ ಸೀರೆ ಒಣಗುವುದರೊಳಗೆ ಕೆಂಪಾಗುವ ಊರು. "ಕಬ್ಬಿಣದ ನಾಡಾಗ ಹುಟ್ಟಿ ಕಟ್ಟಲಿಲ್ಲ ಅಂದ್ರೆ ಹೆಂಗ?" ಎಂಬುದು ಅವಳ ವಾದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಚೈನು ತುಂಡಾಗಿ ಕೊಚ್ಚಿಹೋದದ್ದು ಓದುಗರಿಗೆ ನೆನಪಿರಬಹುದು. ಅಂಥ ಗೇಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹೊಸಪೇಟೆ ಮತ್ತು ತೋರಣಗಲ್ಲಿನಲ್ಲೇ ಉಕ್ಕಿನ ತುಂಡುಗಳನ್ನು ಸಿದ್ಧಪಡಿಸಿ, ನೀರು ಭೋರ್ಗರೆಯುತ್ತಿರುವಾಗಲೇ ಇಳಿಸಿ, ಒಂದು ವಾರದಲ್ಲಿ ತಾತ್ಕಾಲಿಕ ಗೇಟು ನಿಲ್ಲಿಸಿದರು. "ನೋಡಿದ್ಯಾ? ನಮ್ಮೂರ ವೆಲ್ಡಿಂಗ್!" ಎಂದು ಅವಳು ಎದೆಯುಬ್ಬಿಸಿದಳು.

ದೂರದ ಉದಾಹರಣೆಗಳೂ ಅವಳ ಬಳಿ ಇದ್ದವು. ಕೊಯಮತ್ತೂರಿನ ಎಸ್. ಕರಿವರ್ಧನ್ ಸಾಮಾನ್ಯ ಮಾರುತಿ 800ರ ಇಂಜಿನ್ನು ಕೂರಿಸಿ ಒಬ್ಬರೇ ಕೂರುವ ರೇಸ್ ಕಾರುಗಳನ್ನು ಕಟ್ಟಿದರು. ದುಬಾರಿ ವಿದೇಶಿ ಕಾರು ತರಿಸಲಾರದ ಹುಡುಗರಿಗೆ ರೇಸಿನ ಬಾಗಿಲು ತೆರೆದದ್ದೇ ಆ ಫಾರ್ಮುಲಾ ಮಾರುತಿ. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಮೊದಮೊದಲು ಓಡಿಸಿದ್ದು ಅದನ್ನೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಇಂಗ್ಲೆಂಡಿನ ಲೋಟಸ್ ಕಂಪನಿಯದು ಇನ್ನೊಂದು ತಮಾಷೆ. ಪೂರ್ತಿ ಕಾರು ಕೊಂಡರೆ ತೆರಿಗೆ ಹೆಚ್ಚು, ಬಿಡಿಭಾಗ ಕೊಂಡರೆ ಅದಿಲ್ಲ. ಹೀಗಾಗಿ 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಬಿಡಿಯಾಗಿಯೂ ಮಾರಿದರು. ಜನ ಮನೆಯ ಶೆಡ್ಡಿನಲ್ಲಿ ಜೋಡಿಸಿಕೊಂಡು ರೇಸಿಗೆ ಹೋದರು. ಹತ್ತಿ ತಂದು ಹಾಸಿಗೆ ಹೊಲಿಸಿಕೊಂಡ ಹಾಗೆ.

ಇಷ್ಟು ಕೇಳಿದ ಮೇಲೆ ನನಗೂ ಕಟ್ಟುವುದೇ ಸರಿ ಎನ್ನಿಸತೊಡಗಿತು. ಆದರೆ ಮೂವತ್ತು ವರ್ಷ ಪಾಠ ಮಾಡಿದವಳಿಗೆ ಬರೆದು ನೋಡದೆ ಸಮಾಧಾನವಿಲ್ಲ. ಒಂದು ಭಾನುವಾರ ನೋಟುಪುಸ್ತಕದ ಹಾಳೆಗೆ ನಡುವೆ ಗೆರೆ ಎಳೆದೆ. ಎಡಕ್ಕೆ 'ಕಟ್ಟುವುದು', ಬಲಕ್ಕೆ 'ಕೊಳ್ಳುವುದು'.

ಕಟ್ಟುವುದಕ್ಕೆ ಪೈಪು, ಹಳೆಯ ಬೈಕಿನ ಇಂಜಿನ್ನು, ಬ್ರೇಕು, ಟೈರು, ಲೇತ್ ಕೆಲಸ. ಜೊತೆಗೆ ಅವಳ ಎರಡು ವರ್ಷದ ಭಾನುವಾರಗಳು. "ಕಟ್ಟಿದ ಮ್ಯಾಲೆ ಓಡಸೋದು ಎಲ್ಲಿ?" ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕೈಯಾರೆ ಕಟ್ಟಿದ ಕಾರನ್ನು ರಸ್ತೆಗೆ ತರುವಂತಿಲ್ಲ. ಅದಕ್ಕೆ ನೋಂದಣಿಯೇ ಸಿಗದು. ಟ್ರ್ಯಾಕಿನಲ್ಲಿ ಈಗ ನಡೆಯುವ ಎಲ್‌ಜಿಬಿ ಫಾರ್ಮುಲಾ 4ರಂಥ ಸ್ಪರ್ಧೆಗಳಲ್ಲಿ ಎಲ್ಲರದೂ ಒಂದೇ ಬಗೆಯ ಕಾರು. ನಾವು ಕಟ್ಟಿದ್ದಕ್ಕೆ ಅಲ್ಲಿ ಜಾಗವಿಲ್ಲ. ತಾವೇ ಕಟ್ಟಿದ ಕಾರು ತರುವ ಸ್ಪರ್ಧೆಗಳಿವೆ, ಆದರೆ ಅವು ಕಾಲೇಜು ವಿದ್ಯಾರ್ಥಿಗಳಿಗೆ.

ಕಾಲೇಜಿನ ಮಾತು ಬಂದಾಗ ನನಗೆ ಒಂದು ವಿಷಯ ಹೊಳೆಯಿತು. ಅವಳು ಓದುವಾಗ ಅಂಥ ತಂಡದಲ್ಲಿದ್ದಳು. ಇಂಜಿನ್ನು 710 ಸಿಸಿ ಮೀರಬಾರದು, ಅದಕ್ಕೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದೇ ಕಂಡಿಯಲ್ಲಿ ಹಾಯಬೇಕು. ಓಟಕ್ಕಷ್ಟೇ ಅಲ್ಲದೆ ವಿನ್ಯಾಸಕ್ಕೂ ಖರ್ಚಿನ ಲೆಕ್ಕಕ್ಕೂ ಅಂಕ ಎಂದೆಲ್ಲ ರಜೆಗೆ ಬಂದಾಗ ಹೇಳುತ್ತಿದ್ದಳು. ಚೌಕಟ್ಟಿಗೆ ಬೆಸುಗೆ ಹಾಕಿದ್ದು, ಖರ್ಚಿನ ವರದಿ ಬರೆದದ್ದು ಇವಳೇ.

"ಆ ಕಾರ್ ನೀ ಓಡಿಸಿದ್ಯೇನೇ?" ಎಂದೆ.

"ಇಲ್ಲ ದೊಡ್ಡಮ್ಮ. ಹುಡುಗರು ಓಡಿಸಿದ್ರು. ನಿಲ್ಲಿಸಿದಾಗ ಕುಂತು ಫೋಟೋ ತೆಗೆಸ್ಕೊಂಡೆ."

ಆ ಮಾತು ನನ್ನನ್ನು ಚುಚ್ಚಿತು. ಒಲೆ ಮುಂದೆ ಕೂತು ಎಲ್ಲರಿಗೂ ಬಿಸಿ ರೊಟ್ಟಿ ಬಡಿದು ಹಾಕಿ, ಕೊನೆಗೆ ತಣ್ಣಗಿನದನ್ನು ತಾನು ತಿನ್ನುತ್ತಿದ್ದ ನನ್ನ ಅವ್ವ ನೆನಪಾದಳು. ಮಾಡುವುದನ್ನು ನಮಗೆ ಯಾರೂ ಬೇಡವೆಂದಿಲ್ಲ. ಮಾಡುವವಳನ್ನು ಹೊಗಳುತ್ತಾರೆ ಕೂಡ. ಕೂತು ಉಣ್ಣುವ ಸರದಿ ಮಾತ್ರ ಬರುವುದೇ ಇಲ್ಲ. ಈಗ ಇವಳು ಇನ್ನೆರಡು ವರ್ಷ ಶೆಡ್ಡಿನಲ್ಲಿ ಬೆಸುಗೆ ಹಾಕುತ್ತ ಕೂತರೆ, ಅಷ್ಟರಲ್ಲಿ ಮದುವೆ, ಬಸಿರು, ಬಾಣಂತನ ಎಂದು ಸುತ್ತಲಿನವರು ಸಾಲು ಹಚ್ಚುತ್ತಾರೆ. ಕಾರು ಅರ್ಧಕ್ಕೆ ನಿಲ್ಲುತ್ತದೆ.

ನೋಟುಪುಸ್ತಕ ಮುಚ್ಚಿ ಹೇಳಿದೆ: "ಕಟ್ಟೋದು ನಿನಗ ಬರ್ತದಂತ ಎಲ್ಲರಿಗೂ ಗೊತ್ತು. ಕೊಂಡು ತಾ. ಮೊದಲು ಕುಂತು ಓಡಿಸು."

ಟ್ರ್ಯಾಕಿನ ಕಾರು ನಮ್ಮ ಹಣಕ್ಕೆ ನಿಲುಕುವುದಲ್ಲ. ಆದರೆ ಆಟೋಕ್ರಾಸ್ ಎಂಬ ಸ್ಪರ್ಧೆ ಇದೆ. ಬಯಲಿನಲ್ಲಿ ಮಣ್ಣಿನ ದಾರಿ ಗುರುತು ಮಾಡಿರುತ್ತಾರೆ. ಅದನ್ನು ಕಡಿಮೆ ಸಮಯದಲ್ಲಿ ಮುಗಿಸಿದವರು ಗೆದ್ದಂತೆ. ಇಂಜಿನ್ನಿನ ಅಳತೆಗೆ ತಕ್ಕಂತೆ ವಿಭಾಗ, ಎಷ್ಟೋ ಕಡೆ ಮಹಿಳೆಯರಿಗೆ ಬೇರೆ ವಿಭಾಗವೂ ಉಂಟು. ಅದಕ್ಕೆ ಹಳೆಯ ಸ್ವಿಫ್ಟ್ ಸಾಕು. ಒಂದೂಮುಕ್ಕಾಲು ಲಕ್ಷಕ್ಕೆ ಒಂದು ಸಿಕ್ಕಿತು. ನನ್ನದು ಒಂದೇ ಷರತ್ತು: ಉಳಿದ ಹಣದಲ್ಲಿ ಮೊದಲು ಜೀವ ಕಾಯುವ ಸಾಮಾನು, ಆಮೇಲೆ ವೇಗ. ಕಾರು ಪಲ್ಟಿಯಾದರೂ ತಲೆಯ ಮೇಲೆ ಚಪ್ಪಡಿಯಾಗದಂತೆ ಒಳಗೆ ಉಕ್ಕಿನ ಪೈಪಿನ ಪಂಜರ, ಭುಜದ ಮೇಲಿಂದ ಬಿಗಿಯುವ ಬೆಲ್ಟು, ಹೆಲ್ಮೆಟ್ಟು, ಬೆಂಕಿ ತಡೆಯುವ ಉಡುಪು. ಆ ಪಂಜರವನ್ನು ಹೊಸಪೇಟೆಯ ಗ್ಯಾರೇಜೊಂದರಲ್ಲಿ ಮೇಸ್ತ್ರಿಯ ಎದುರು ನಿಂತು ಅವಳೇ ಅರ್ಧ ಬೆಸೆದಳು. ಕಟ್ಟುವ ಆಸೆಯೂ ಅಷ್ಟಕ್ಕೆ ತಣಿಯಿತು.

ನಾದಿನಿ ಮಾತು ಬಿಟ್ಟಿದ್ದಾಳೆ. "ಬಂಗಾರ ಇಲ್ಲದ ಹುಡುಗೀನ ಯಾರು ಮಾಡ್ಕೊಂತಾರ?" ಎಂದು ಓಣಿಯಲ್ಲಿ ಕೇಳುವವರಿದ್ದಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹಣ ವಾಪಸು ಬರುವುದೂ ಇಲ್ಲ. ಮೊದಲ ಸ್ಪರ್ಧೆಯಲ್ಲಿ ಅವಳು ಕೊನೆಯಿಂದ ಎರಡನೆಯವಳಾದಳು. ಮುಖದ ತುಂಬ ಕೆಂಪು ಧೂಳು ಮೆತ್ತಿಕೊಂಡು ಬಂದವಳು ನೀರನ್ನೂ ಕುಡಿಯದೆ, ಹಿಂದಿನ ಸ್ಪ್ರಿಂಗು ಮೆತ್ತಗಾಯಿತು, ಮೂರನೆಯ ತಿರುವಿಗೆ ಬ್ರೇಕು ಬೇಗ ಹಿಡಿದೆ ಎಂದು ಹೇಳತೊಡಗಿದಳು. ಕಾರು ಕಟ್ಟಿದ ಕಾಲದಲ್ಲಿ ಅವಳು ಇಂಥ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಇವು ಓಡಿಸಿದವರಿಗೆ ಮಾತ್ರ ಗೊತ್ತಾಗುವ ಸಂಗತಿಗಳು.

ಮುಂದೆ ಎಂದಾದರೂ ಅವಳು ತನ್ನದೇ ಕಾರು ಕಟ್ಟಿಯಾಳು. ಆಗ ಅದರಲ್ಲಿ ಯಾರು ಕೂರಬೇಕೆಂಬ ಪ್ರಶ್ನೆಯನ್ನು ಬೇರೆ ಯಾರೂ ತೀರ್ಮಾನಿಸಲಾರರು.