ಸಾವಿರ ಮೈಲಿಗಲ್ಲು

ಇಸ್ಪೀಟು ಎಂಬ ಮಾತಿಗೆ ನಮ್ಮ ಕಟ್ಟಾಯದ ಕಡೆ ಮರ್ಯಾದೆ ಕಡಿಮೆ. ಹುಡುಗ ಇಸ್ಪೀಟಾಡುತ್ತಾನೆಂದರೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಾರೆ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವೇ 1967ರಲ್ಲಿ ಹೇಳಿದ್ದರೂ ಆ ತೀರ್ಪು ಹೇಮಾವತಿಯ ದಡದ ಹಿರಿಯರನ್ನು ಇನ್ನೂ ಮುಟ್ಟಿದಂತಿಲ್ಲ. ಎಲೆಯ ಆಟಕ್ಕೆ ನಮ್ಮಲ್ಲಿ ಕುಲೀನವಾದ ವಂಶಾವಳಿಯೇನೋ ಉಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯೆಂಬ ಭಾಗದಲ್ಲಿ ಗಂಜೀಫದ ಎಲೆಗಳಿಗೆ ಗೌರವದ ಸ್ಥಾನವನ್ನೇ ಕೊಟ್ಟಿದ್ದಾರೆ. ಆದರೆ ಅರಮನೆಯ ಆಟ ನಮ್ಮ ಜಗಲಿಗೆ ಇಳಿದು ಬರಲಿಲ್ಲ. ಜಗಲಿಯನ್ನು ಆಳಿದ್ದು ಚೌಕಾಬಾರ.

ಹೀಗಿರಲು, ಫ್ರಾನ್ಸ್ ದೇಶದ ತುಲೂಸ್ ನಗರದಲ್ಲಿ ಎಂಜಿನಿಯರಾಗಿರುವ ನನ್ನ ಭಾವಮೈದುನ ಕಳೆದ ಬೇಸಿಗೆಯಲ್ಲಿ ಊರಿಗೆ ಬಂದವನು, ಅಕ್ಕನ ಮಗಳಿಗೆಂದು ಒಂದು ಎಲೆಕಟ್ಟನ್ನು ತಂದುಕೊಟ್ಟು ಹೋದ. ಮೇಲೆ ‘ಮಿಲ್ ಬೋರ್ನ್’ ಎಂದು ಅಚ್ಚಾಗಿತ್ತು. ಫ್ರೆಂಚರು ರಸ್ತೆಯ ಬದಿಯ ಕಿಲೋಮೀಟರ್ ಕಲ್ಲಿಗೆ ಬೋರ್ನ್ ಎನ್ನುತ್ತಾರಂತೆ. ಎಂದರೆ ‘ಸಾವಿರ ಮೈಲಿಗಲ್ಲು’. ವಾಹನ ಚಾಲನೆ ಕಲಿಸುವ ಶಾಲೆಗಳಿಗೆ ಪಾಠ ಸಾಮಗ್ರಿಯನ್ನು ಅಚ್ಚು ಹಾಕುತ್ತಿದ್ದ ಎಡ್ಮಂಡ್ ದುಜಾರ್ದಾನ್ ಎಂಬಾತ 1954ರಲ್ಲಿ ರೂಪಿಸಿದ ಆಟವಿದು. ಅದಕ್ಕೂ ಹಿಂದೆ, 1906ರಲ್ಲಿಯೇ, ಅಮೆರಿಕದಲ್ಲಿ ‘ಟೂರಿಂಗ್’ ಎಂಬ ಮೋಟಾರು ಪ್ರಯಾಣದ ಎಲೆಯಾಟ ಹುಟ್ಟಿತ್ತು. ಇದು ಅದರ ವಂಶದ ಕುಡಿ. ಪ್ಯಾರಿಸಿನಿಂದ ಇಟಲಿಯ ಗಡಿಯವರೆಗೆ ಸಾಗುತ್ತಿದ್ದ ಫ್ರಾನ್ಸಿನ ಏಳನೆಯ ಹೆದ್ದಾರಿಯ ಉದ್ದ ಸುಮಾರು ಸಾವಿರ ಕಿಲೋಮೀಟರು. ನಮ್ಮ ಲೆಕ್ಕದಲ್ಲಿ ಹೇಳಬೇಕಾದರೆ ಬೆಂಗಳೂರಿನಿಂದ ಮುಂಬಯಿ.

ನಿಯಮಗಳ ಹಾಳೆಯೂ ಫ್ರೆಂಚಿನಲ್ಲಿಯೇ ಇದ್ದುದರಿಂದ ಭಾವಮೈದುನ ದೂರವಾಣಿಯಲ್ಲಿ ಅರ್ಥ ಹೇಳುತ್ತ ಹೋದ. ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತ ಹೋದೆ. ಕನ್ನಡ ಎಂ.ಎ. ಮಾಡಿದವನಿಗೆ ಇಂತಹ ಸಂದರ್ಭ ಮೇಲಿಂದ ಮೇಲೆ ಒದಗುವುದಿಲ್ಲ. ಕಟ್ಟಿನಲ್ಲಿ 106 ಎಲೆಗಳು. ಅವುಗಳಲ್ಲಿ 46 ದೂರದ ಎಲೆಗಳು: ಇಪ್ಪತ್ತೈದು, ಐವತ್ತು, ಎಪ್ಪತ್ತೈದು, ನೂರು, ಇನ್ನೂರು ಕಿಲೋಮೀಟರಿನವು. ಎದುರಾಳಿಯ ಬಂಡಿಯನ್ನು ನಿಲ್ಲಿಸುವ ಎಲೆಗಳು 18. ಅವಕ್ಕೆ ‘ವಿಘ್ನ’ ಎಂದು ಹೆಸರಿಟ್ಟೆ. ವಿಘ್ನವನ್ನು ಕಳೆಯುವ 38 ಎಲೆಗಳು ‘ಪರಿಹಾರ’. ಒಂದೊಂದು ಬಗೆಯ ವಿಘ್ನದಿಂದ ಕೊನೆಯವರೆಗೂ ಕಾಯುವ ನಾಲ್ಕೇ ನಾಲ್ಕು ಎಲೆಗಳಿವೆ, ಅವು ‘ಅಭಯ’. ಇಷ್ಟರ ಮಟ್ಟಿಗೆ ಯಾರ ಆಕ್ಷೇಪವೂ ಇರಲಿಲ್ಲ. ತೂತಾದ ಟೈರಿನ ಪರಿಹಾರಕ್ಕೆ ‘ಹೆಚ್ಚುವರಿ ಚಕ್ರ’ ಎಂದು ಬರೆಯುತ್ತಿದ್ದಾಗ ಮಾತ್ರ, ಪಕ್ಕದಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಮಾವನವರು, “ಸ್ಟೆಪ್ನಿ ಅನ್ನಿ ಅಳಿಯಂದಿರೇ, ಬಂಡಿಗೂ ಅರ್ಥವಾಗುತ್ತದೆ” ಎಂದರು. ಸ್ಟೆಪ್ನಿಯೇ ಉಳಿಯಿತು.

ಮಾವನವರ ಮಾತಿಗೆ ಅಧಿಕಾರವಿತ್ತು. ಅವರು ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಹಾಸನದ ಆಲೂಗೆಡ್ಡೆಯನ್ನು ಹೇರಿಕೊಂಡು ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಸಾತಾರಾ ದಾಟಿ ಮುಂಬಯಿಗೆ ಹೋಗಿದ್ದಾರೆ. ಸಕಲೇಶಪುರದ ಮೇಲೆ ಶಿರಾಡಿ ಘಾಟಿಯನ್ನಿಳಿದು ಮಂಗಳೂರಿಗೆ ಹೋದದ್ದಕ್ಕಂತೂ ಲೆಕ್ಕವಿಲ್ಲ. ಆಮೇಲೆ ಒಂದು ದಿನ ಲಾರಿ ಬಿಟ್ಟು ಕಟ್ಟಾಯದ ಹೊಲಕ್ಕೆ ಮರಳಿದರು. ಏಕೆ ಬಿಟ್ಟರೆಂಬುದನ್ನು ಮದುವೆಯಾದ ಹೊಸದರಲ್ಲಿ ಹೆಂಡತಿ ನನಗೆ ಹೇಳಿದ್ದಳು. ಅವರ ಬಾಯಿಂದ ನಾನು ಕೇಳಿರಲಿಲ್ಲ.

ಆಟದ ಕ್ರಮ ಸರಳವಾದದ್ದು. ಇಬ್ಬರಿಬ್ಬರಂತೆ ಎರಡು ಪಕ್ಷ. ಪ್ರತಿಯೊಬ್ಬರ ಕೈಯಲ್ಲಿ ಆರು ಎಲೆ. ತನ್ನ ಸರದಿ ಬಂದಾಗ ಕಟ್ಟಿನಿಂದ ಒಂದನ್ನೆತ್ತಿ, ಒಂದನ್ನು ಆಡಬೇಕು ಇಲ್ಲವೆ ಎಸೆಯಬೇಕು. ಹಸಿರು ದೀಪದ ಎಲೆ ಬೀಳದೆ ಬಂಡಿ ಹೊರಡುವಂತಿಲ್ಲ. ಹೊರಟ ಮೇಲೆ ಸಾವಿರವನ್ನು ಸರಿಯಾಗಿ ಮುಟ್ಟಬೇಕು. ಒಂದು ಕಿಲೋಮೀಟರೂ ಹೆಚ್ಚಾಗಕೂಡದು. ಆದ್ದರಿಂದ ಮೊದಲಿಗೆ ತಾತ್ಸಾರಕ್ಕೆ ಗುರಿಯಾದ ಇಪ್ಪತ್ತೈದರ ಎಲೆಯನ್ನು ಕೊನೆಯಲ್ಲಿ ಎಲ್ಲರೂ ದೀಪ ಹಚ್ಚಿ ಹುಡುಕುತ್ತಾರೆ. ವೇಗಮಿತಿಯ ವಿಘ್ನ ಬಿದ್ದಾಗಲೂ ಹಾಗೆಯೇ. ಆಗ ಐವತ್ತಕ್ಕಿಂತ ದೊಡ್ಡ ಎಲೆ ನಡೆಯುವುದಿಲ್ಲ. ಇನ್ನೂರರ ಎಲೆಗಳನ್ನು ಒಂದು ಪಕ್ಷ ಎರಡಕ್ಕಿಂತ ಹೆಚ್ಚು ಆಡುವಂತಿಲ್ಲ. ಒಂದನ್ನೂ ಆಡದೆ ಊರು ಸೇರಿದವರಿಗೆ ‘ಸುಖಪ್ರಯಾಣ’ವೆಂದು ಮುನ್ನೂರು ಅಂಕ ಹೆಚ್ಚಿಗೆ. ಎದುರಾಳಿಯ ಬಂಡಿ ಕೆಟ್ಟು ನಿಂತಿರುವಾಗ ಇನ್ನೂರನ್ನು ಮುಟ್ಟಬಾರದು, ಅವರು ಓಡುತ್ತಿರುವಾಗ ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಮಾವನವರು ಯಾವಾಗಲೂ ಮುಟ್ಟುವುದಿಲ್ಲ. “ಇನ್ನೂರು ಓಡಿಸುವವನನ್ನು ನಾನು ಡ್ರೈವರ್ ಎನ್ನುವುದಿಲ್ಲ” ಎನ್ನುತ್ತಾರೆ.

ಒಂದು ನಿಯಮ ನನ್ನ ಮಗಳಿಗೆ ಅನ್ಯಾಯವೆಂದು ತೋರಿತು. ಪಂಕ್ಚರ್ ಆದರೆ ಸ್ಟೆಪ್ನಿ ಹಾಕಿದಷ್ಟರಿಂದ ತೀರಲಿಲ್ಲ, ಮತ್ತೊಂದು ಹಸಿರು ದೀಪ ಬೇಕು. ಅಪಘಾತಕ್ಕೆ ದುರಸ್ತಿಯ ಎಲೆ ಬಿದ್ದರೂ ಅಷ್ಟೇ. ಹಸಿರು ಬರುವವರೆಗೆ ನಿಂತೇ ಇರಬೇಕು. ಕಟ್ಟಿನಲ್ಲಿ ಮಿಕ್ಕ ಪರಿಹಾರಗಳು ಆರಾರಿದ್ದರೆ ಹಸಿರು ದೀಪಗಳು ಮಾತ್ರ ಹದಿನಾಲ್ಕು ಇರುವುದು ಇದಕ್ಕಾಗಿಯೇ. “ಗಾಡಿ ರಿಪೇರಿ ಆಯಿತಲ್ಲ, ಇನ್ನೇನು?” ಎಂದು ಮಗಳು ವಾದಿಸಿದಳು. ನಾನು ಉತ್ತರ ಹುಡುಕುತ್ತಿರುವಾಗ ಮಾವನವರು, “ಗಾಡಿ ರಿಪೇರಿಯಾದರೆ ಸಾಲದು ಮಗೂ” ಎಂದಷ್ಟೇ ಹೇಳಿ ಎಲೆ ಎತ್ತಿದರು.

ಆಟದ ಸೊಗಸೆಲ್ಲ ಇರುವುದು ಅಭಯದಲ್ಲಿ. ಕೈಗೆ ಬಂದೊಡನೆ ಅಭಯದ ಎಲೆಯನ್ನು ಕೆಳಗಿಟ್ಟರೆ ನೂರು ಅಂಕ ಸಿಕ್ಕುತ್ತದೆ, ಆ ಬಗೆಯ ವಿಘ್ನದ ಭಯವೂ ತೀರುತ್ತದೆ. ಇಡದೆ ಬಚ್ಚಿಟ್ಟುಕೊಂಡಿದ್ದು, ಎದುರಾಳಿ ಅದೇ ವಿಘ್ನವನ್ನು ಒಡ್ಡಿದ ಕೂಡಲೇ ಅದರ ಮೇಲೆ ಹೊಡೆದರೆ ಮುನ್ನೂರು ಹೆಚ್ಚಿಗೆ ಬರುತ್ತದೆ, ಬಂಡಿಯೂ ನಿಲ್ಲುವುದಿಲ್ಲ. ಫ್ರೆಂಚರು ಇದಕ್ಕೆ ಕತ್ತಿವರಸೆಯ ಮಾತೊಂದನ್ನು ಬಳಸಿದ್ದಾರೆ. ನಾನು ಗರಡಿಮನೆಯ ಕಡೆಗೆ ನೋಡಿ ‘ಮರುಪಟ್ಟು’ ಎಂದು ಕರೆದೆ. ಆದರೆ ಬಚ್ಚಿಟ್ಟುಕೊಂಡವನು ಶತ್ರುವಿನ ಏಟಿಗಾಗಿ ಹಂಬಲಿಸುತ್ತ ಕೂರಬೇಕು. ಏಟು ಬೀಳದೆ ಆಟ ಮುಗಿಯುವ ಹೊತ್ತಾದರೆ ಅವನ ಸಂಕಟ ನೋಡಬೇಕು!

ಚೌಕಾಬಾರದಲ್ಲಿ ಇಂತಹ ಗುಟ್ಟುಗಳಿಲ್ಲ. ನಾಲ್ಕು ಕವಡೆ ಎಲ್ಲರ ಎದುರಿಗೇ ಬೀಳುತ್ತವೆ. ಚೌಕವೆಂದರೆ ನಾಲ್ಕು, ಬಾರವೆಂದರೆ ಎಂಟು. ಕಾಯಿಗಳು ನೆಲದ ಮೇಲೆಯೇ ಇರುತ್ತವೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಮಾವನವರು ಈ ಆಟದಲ್ಲಿ ಎಂತಹ ನಿರ್ದಯಿಗಳೆಂಬುದಕ್ಕೆ ಮನೆಯವರೆಲ್ಲ ಸಾಕ್ಷಿ. ಮೊಮ್ಮಗಳ ಕಾಯಿ ಹಣ್ಣಾಗಲು ಒಂದೇ ಮನೆ ಉಳಿದಿರುವಾಗ ಹೊಡೆದು, ಅವಳು ಅತ್ತರೂ ನಗುತ್ತ ಕುಳಿತಿದ್ದವರು. ಆದುದರಿಂದ ಮುಂದೆ ನಡೆದದ್ದನ್ನು ಅವರ ಮೆದು ಮನಸ್ಸಿನ ಲೆಕ್ಕಕ್ಕೆ ಬರೆಯುವಂತಿಲ್ಲ.

ದಸರೆಯ ರಜೆಯಲ್ಲಿ ಕಟ್ಟಾಯಕ್ಕೆ ಹೋಗಿದ್ದೆವು. ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಕುಳಿತೆವು. ಮಾವನವರೂ ನಾನೂ ಒಂದು ಪಕ್ಷ, ನನ್ನ ಹೆಂಡತಿ ಮತ್ತು ಮಗಳು ಇನ್ನೊಂದು. ಮಾವನವರು ಪೆಟ್ರೋಲು ತೀರಿಸಿದರು, ಟೈರು ತೂತು ಮಾಡಿದರು, ಕೆಂಪು ದೀಪ ತೋರಿದರು. ಅಪಘಾತದ ಎಲೆ ಕೈಗೆ ಬಂದಾಗ ಮಾತ್ರ ಸದ್ದಿಲ್ಲದೆ ಎಸೆದುಬಿಡುತ್ತಿದ್ದರು. ಕಟ್ಟಿನಲ್ಲಿರುವುದೇ ಮೂರು ಅಪಘಾತ. ಎದುರು ಪಕ್ಷ ಎಂಟುನೂರು ದಾಟಿ ಓಡುತ್ತಿರುವಾಗ ನನ್ನ ಜೊತೆಯಾಟಗಾರರು ಅಂತಹ ಆಯುಧವನ್ನು ಕಸಕ್ಕೆ ಹಾಕುವುದನ್ನು ಕಂಡು ನನ್ನ ಹೊಟ್ಟೆ ಉರಿಯಿತು. ಆದರೂ ಕಾರಣ ಬಲ್ಲವನಾದ್ದರಿಂದ ಬಾಯಿ ಬಿಡಲಿಲ್ಲ. ಹೆಂಡತಿಯೂ ಸುಮ್ಮನಿದ್ದಳು.

ಮೂರನೆಯ ಸುತ್ತಿನಲ್ಲಿ ಮತ್ತೆ ಹಾಗೆಯೇ ಆದಾಗ ಮಗಳು ಕೈಯಲ್ಲಿದ್ದ ಎಲೆಗಳನ್ನು ನೆಲಕ್ಕೆ ಕುಕ್ಕಿದಳು.

“ತಾತ, ನೀನು ಸರಿಯಾಗಿ ಆಡುತ್ತಿಲ್ಲ. ಅದನ್ನು ಯಾಕೆ ಎಸೆದೆ?”

ಯಾರೂ ಮಾತನಾಡಲಿಲ್ಲ. ಮಾವನವರು ಎಸೆದ ಎಲೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಬಳಿಕ, ಶಿರಾಡಿ ಘಾಟಿಯ ಒಂದು ತಿರುವಿನಲ್ಲಿ, ಮಳೆಗಾಲದ ಬೆಳಗಿನ ಜಾವ, ತಮ್ಮ ಲಾರಿ ಮಗುಚಿದ್ದನ್ನೂ, ಕ್ಲೀನರ್ ಹುಡುಗನ ಬಲಗಾಲು ಹೋದದ್ದನ್ನೂ ನಾಲ್ಕು ಮಾತಿನಲ್ಲಿ ಹೇಳಿದರು. “ಲಾರಿ ಒಂದು ತಿಂಗಳಿಗೆ ಸರಿಯಾಯಿತು. ನಾನು ಮತ್ತೆ ಹತ್ತಲಿಲ್ಲ. ಆ ಎಲೆಯನ್ನು ನಿನ್ನ ಮುಂದೆ ಇಡುವುದಕ್ಕೆ ಕೈ ಬರುವುದಿಲ್ಲ ಮಗೂ.”

ಹತ್ತು ವರ್ಷದ ಮಗಳು ಕಣ್ಣರಳಿಸಿಕೊಂಡು ಕೇಳಿದಳು. ಆ ಹುಡುಗ ಈಗ ಎಲ್ಲಿದ್ದಾನೆ ಎಂದು ವಿಚಾರಿಸಿದಳು. ಸಕಲೇಶಪುರದಲ್ಲಿ ಬೀಡಾ ಅಂಗಡಿ ಇಟ್ಟಿದ್ದಾನೆ, ಯುಗಾದಿಗೆ ಹೋಗಿ ನೋಡಿ ಬರುತ್ತೇನೆ ಎಂದರು. ಈ ಸಂಗತಿ ನನ್ನ ಹೆಂಡತಿಗೂ ಹೊಸದು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಡೆಯಲಾರದೆ ತನ್ನ ಎಲೆಗಳಿಂದ ಒಂದನ್ನೆತ್ತಿ ತಾತನ ಮುಖಕ್ಕೆ ಹಿಡಿದಳು. ಅಪಘಾತದ ಅಭಯ! ನಾನು ‘ಪಳಗಿದ ಸಾರಥಿ’ ಎಂದು ಹೆಸರಿಟ್ಟಿದ್ದ ಎಲೆ.

“ಮೊದಲಿಂದ ಇಟ್ಟುಕೊಂಡು ಕಾಯುತ್ತಿದ್ದೇನೆ ತಾತ. ನೀನು ಅಪಘಾತ ಹಾಕಿದ್ದರೆ ನನಗೇನೂ ಆಗುತ್ತಿರಲಿಲ್ಲ. ಮುನ್ನೂರು ಹೋಯಿತು ನಿನ್ನಿಂದ!”

“ಮೊದಲೇ ಹೇಳಬಾರದಿತ್ತೇ?” ಎಂದರು ಮಾವನವರು.

“ಹೇಳಿದರೆ ಅದು ಆಟವೇ?”

ಮಾವನವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದರು. ಮುಂದಿನ ಸುತ್ತಿನಲ್ಲಿ, ಎದುರು ಪಕ್ಷ ಆರುನೂರು ಮುಟ್ಟಿದ್ದಾಗ, ಅವರ ಕೈ ಒಂದು ಎಲೆಯ ಮೇಲೆ ಬಹಳ ಹೊತ್ತು ನಿಂತಿತು. ಮೊಮ್ಮಗಳ ಮುಖವನ್ನು ಒಮ್ಮೆ ನೋಡಿದರು. ಅನಂತರ ಅಪಘಾತವನ್ನು ಅವಳ ಬಂಡಿಯ ಮೇಲೆ ಇಟ್ಟೇಬಿಟ್ಟರು.

ಈ ಸಲ ಅಭಯ ಅವಳ ಕೈಯಲ್ಲಿರಲಿಲ್ಲ. ಅವಳ ತಾಯಿಯ ಕೈಯಲ್ಲಿಯೂ ಇರಲಿಲ್ಲ. ಬಂಡಿ ನಿಂತಿತು. ಎರಡು ಸರದಿ ದುರಸ್ತಿ ಬರಲಿಲ್ಲ. ದುರಸ್ತಿ ಬಂದ ಮೇಲೆ ಹಸಿರಿಗಾಗಿ ಮತ್ತೆ ಮೂರು ಸರದಿ ಕಾದರು. ಅಷ್ಟು ಹೊತ್ತೂ ಮಾವನವರು ತಮ್ಮ ಎಲೆಗಳನ್ನು ನೋಡದೆ ಮೊಮ್ಮಗಳು ಕಟ್ಟಿನಿಂದ ಎತ್ತುವ ಎಲೆಯನ್ನೇ ನೋಡುತ್ತಿದ್ದರು. ನೂರರ ಎಲೆ ಕೈಯಲ್ಲಿದ್ದರೂ ಇಪ್ಪತ್ತೈದನ್ನು ಆಡಿದರು. ನಾನು ಅತ್ತ ಗಮನಿಸದವನಂತೆ ಅಂಕಗಳ ಹಾಳೆಯನ್ನು ನೋಡಿಕೊಂಡೆ.

“ಹಸಿರು ಬಂತು ತಾತ!” ಎಂದು ಮಗಳು ಕೂಗಿದಳು.

“ಹೊರಡು, ಹೊರಡು” ಎಂದರು ಮಾವನವರು. ಆ ಸುತ್ತನ್ನು ನಾವೇ ಗೆದ್ದೆವು, ಇನ್ನೂರರ ಒಂದು ಎಲೆಯನ್ನೂ ಮುಟ್ಟದೆ. ಐದು ಸಾವಿರ ಅಂಕ ಮುಟ್ಟಲು ಎರಡು ಪಕ್ಷಗಳಿಗೂ ಇನ್ನೂ ಬಹುದೂರವಿತ್ತು. ಅತ್ತೆಯವರು ಒಳಗಿನಿಂದ ದೀಪ ಆರಿಸಿರೆಂದು ಎರಡು ಸಲ ಕೂಗಿದರು; ಮಗಳು ಆಗಲೇ ಎಲೆ ಕಲೆಸತೊಡಗಿದ್ದಳು.