ಭದ್ರೆಯ ತೊಟ್ಟಿಲಲ್ಲಿ ಎರಡು ರಾತ್ರಿ

ದಸರಾ ರಜೆ ಮುಗಿದು ಚಳಿ ಕಾಲಿಡುತ್ತಿದ್ದಂತೆ ಮೈಸೂರಿನ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಬೇಲೂರು, ಹಳೇಬೀಡು, ಶೃಂಗೇರಿ, ಧರ್ಮಸ್ಥಳ – ಪಟ್ಟಿ ಹೆಚ್ಚುಕಡಿಮೆ ಹಳೆಯದೇ. ಎರಡು ದಿನದಲ್ಲಿ ಹತ್ತು ಊರು ಸುತ್ತಿದ ಮಕ್ಕಳು ನಿದ್ದೆಗಣ್ಣಿನಲ್ಲಿ ಮನೆ ಸೇರುತ್ತಾರೆ. ಅದರ ಬದಲು ಒಂದೇ ಜಾಗದಲ್ಲಿ, ನದಿಯ ಪಕ್ಕದಲ್ಲಿ, ಎರಡು ರಾತ್ರಿ ಕಳೆದರೆ ಹೇಗೆ? ಅಂಥದ್ದೊಂದು ತಾಣ ಕುದುರೆಮುಖ ರಾಷ್ಟ್ರೀಯ ಉದ್ಯಾನದ ನಡುವೆ ಭದ್ರೆಯ ದಡದಲ್ಲಿದೆ. ಅದೇ ಭಗವತಿ ಪ್ರಕೃತಿ ಶಿಬಿರ.

ಮೈಸೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಮೂಲಕ ಇದು ಇಡೀ ದಿನದ ಪಯಣ. ಕಾಫಿ ತೋಟಗಳು ಮುಗಿದು, ಕುದುರೆಮುಖ ಪಟ್ಟಣವೂ ಹಿಂದೆ ಸರಿದ ಮೇಲೆ ರಸ್ತೆಯ ಎರಡೂ ಕಡೆ ಕಾಡು ಮಾತ್ರ. ಅಂಗಡಿ ಇಲ್ಲ, ಹೋಟೆಲಿಲ್ಲ. ಮೊಬೈಲ್ ಫೋನು ಜೇಬಿನಲ್ಲಿ ಸುಮ್ಮನೆ ಮಲಗುತ್ತದೆ.

ಇಲ್ಲಿ ವಿದ್ಯಾರ್ಥಿಗಳಿಗೊಂದು ಒಗಟು ಎದುರಾಗುತ್ತದೆ. ಮೈಸೂರು ನಗರ ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಭಗವತಿಯ ಕಣಿವೆ 800 ಮೀಟರಿಗೆ ತುಸು ಮೇಲೆ. ಎತ್ತರದಲ್ಲಿ ಹೆಚ್ಚು ಅಂತರವಿಲ್ಲ. ಹಾಗಾದರೆ ಇಲ್ಲಿಯ ರಾತ್ರಿ ಹಲ್ಲು ಕಟಕಟಿಸುವುದೇಕೆ? ಉತ್ತರ ಸುತ್ತಲಿನ ಬೆಟ್ಟಗಳಲ್ಲಿದೆ. ಗಂಗಾಮೂಲದ ಬೆಟ್ಟ 1458 ಮೀಟರ್, ಕುದುರೆಮುಖ ಶಿಖರ ಸುಮಾರು 1890 ಮೀಟರ್. ಸಂಜೆಯಾದೊಡನೆ ಬೆಟ್ಟದ ನೆತ್ತಿಯ ಹುಲ್ಲುಗಾವಲು ಬೇಗ ತಣ್ಣಗಾಗುತ್ತದೆ. ಅದನ್ನು ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಡೇರೆಯ ಬಟ್ಟೆ ಬೆಳಗಿನ ಜಾವಕ್ಕೆ ಇಬ್ಬನಿಯಿಂದ ತೊಯ್ದಿರುತ್ತದೆ.

ಗಂಗಾಮೂಲ ಇಲ್ಲಿಗೆ ಸಮೀಪದಲ್ಲೇ ಇದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಅಲ್ಲೇ ಹುಟ್ಟುತ್ತವೆಂಬುದು ಪ್ರತೀತಿ. ಮಳೆಯ ಎರಡು ಹನಿಗಳು ಒಂದೇ ಬೆಟ್ಟದ ಏಣಿನ ಮೇಲೆ ಅಕ್ಕಪಕ್ಕ ಬಿದ್ದವೆನ್ನೋಣ. ಪಶ್ಚಿಮಕ್ಕೆ ಜಾರಿದ ಹನಿ ಮಂಗಳೂರಿನ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಜಾರಿದ್ದು ಭದ್ರೆಯಾಗಿ, ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಭೂಪಟದಲ್ಲಿ ಗೆರೆಯಾಗಿ ಕಾಣುವ ಜಲವಿಭಾಜಕ ಇಲ್ಲಿ ಕಣ್ಣಿಗೆ ಕಾಣುವ ಬೆಟ್ಟ.

ಇನ್ನೊಂದು ಪಾಠ ಬೇಸಿಗೆಯದು. ಮಳೆ ನಿಂತು ತಿಂಗಳುಗಳು ಕಳೆದರೂ ನದಿಯಲ್ಲಿ ನೀರು ಹರಿಯುವುದು ಹೇಗೆ? ಬೆಟ್ಟದ ಮಡಿಲುಗಳಲ್ಲಿ ಒತ್ತಾಗಿ ಬೆಳೆದ ಶೋಲಾ ಕಾಡು, ಅದರ ಸುತ್ತಲಿನ ಹುಲ್ಲುಗಾವಲು ಎರಡೂ ಸೇರಿ ಮಳೆನೀರನ್ನು ಮಣ್ಣಿಗೆ ಇಳಿಸುತ್ತವೆ. ಮಣ್ಣು ಅದನ್ನು ಸ್ವಲ್ಪ ಸ್ವಲ್ಪವಾಗಿ ತೊರೆಗೆ ಬಿಟ್ಟುಕೊಡುತ್ತದೆ. ಮೈಸೂರಿನ ನಲ್ಲಿಗೆ ಬರುವ ಕಾವೇರಿ, ಕಬಿನಿಯ ನೀರೂ ಪಶ್ಚಿಮ ಘಟ್ಟದ ಇಂಥದೇ ಕಾಡುಗಳ ಕೊಡುಗೆ.

ಈ ಕಾಡು ಉಳಿದದ್ದು ಸುಲಭವಾಗಿ ಅಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿಯ ಬೆಟ್ಟಗಳನ್ನು ಅಗೆಯಿತು. ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹೂಳನ್ನು ತಡೆಯಲು ಕಟ್ಟಿದ್ದೇ ಲಕ್ಯಾ ಅಣೆಕಟ್ಟು. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಗಣಿ ಅದು. ಆದರೆ ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದಾಗ ಕೆಳಗಿನ ರೈತರು ಆತಂಕಪಟ್ಟರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಸಿಂಗಳೀಕದ ಮುಖ್ಯ ನೆಲೆಗಳಲ್ಲಿ ಇದೂ ಒಂದು. 2002ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕೆಲಸ ಹೋದವರು ಊರು ಬಿಟ್ಟರು, ಪಟ್ಟಣ ಬರಿದಾಯಿತು. ಹೋಗುವ ದಾರಿಯಲ್ಲಿ ಆ ಖಾಲಿ ಮನೆಗಳನ್ನೂ ಮಕ್ಕಳು ನೋಡಬೇಕು. ಕಾಡಿಗೂ ಬೆಲೆಯಿದೆ, ಕಾಡನ್ನು ಉಳಿಸಿಕೊಳ್ಳುವುದಕ್ಕೂ ಯಾರೋ ಬೆಲೆ ತೆತ್ತಿದ್ದಾರೆ ಎಂಬುದು ಆಗ ತಿಳಿಯುತ್ತದೆ.

ರಾತ್ರಿ ಊಟ ಮುಗಿಸಿ ದೀಪ ಆರಿಸಿದರೆ ಉಳಿಯುವುದು ನದಿಯ ಸದ್ದು, ಮೇಲೆ ಆಕಾಶ. ನಗರದ ಬೆಳಕಿನಲ್ಲಿ ಅಡಗಿಹೋಗುವ ಆಕಾಶಗಂಗೆ ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಚಳಿಗಾಲದಲ್ಲಿ ಮಹಾವ್ಯಾಧ, ಕೃತ್ತಿಕೆಗಳನ್ನು ಗುರುತಿಸಲು ದೂರದರ್ಶಕ ಬೇಕಿಲ್ಲ.

ಪೋಷಕರ ಆತಂಕ ಸಹಜವೇ. ಮಳೆಗಾಲದ ಇಂಬಳಕ್ಕೆ ಹೆದರಬೇಕಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಒಂದು ದ್ರವವನ್ನು ಅದು ಬಿಡುವುದರಿಂದ ಗಾಯ ತುಸು ಹೊತ್ತು ಸೋರುತ್ತದೆ, ಅಷ್ಟೆ. ನಿಜವಾಗಿ ಎಚ್ಚರ ಬೇಕಾದದ್ದು ಉಣುಗಿನ ವಿಷಯದಲ್ಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಇದೇ ಉಣುಗು. ಡಿಸೆಂಬರಿನಿಂದ ಮೇವರೆಗೆ ಅದರ ಕಾಟ ಹೆಚ್ಚು. ಹೊರಡುವ ಮುನ್ನ ಆ ಭಾಗದ ಆರೋಗ್ಯ ಇಲಾಖೆಯನ್ನು ವಿಚಾರಿಸಬೇಕು. ಮೈತುಂಬ ಬಟ್ಟೆ ತೊಡಬೇಕು. ತರಗೆಲೆಯ ಮೇಲೆ ಕೂರಬಾರದು, ಸತ್ತ ಮಂಗ ಕಂಡರೆ ಹತ್ತಿರ ಸುಳಿಯಬಾರದು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ನದಿ ತಣ್ಣಗೆ ಕಂಡರೂ ಕಲ್ಲುಗಳು ಜಾರುತ್ತವೆ. ದೊಡ್ಡವರ ಜೊತೆಯಿಲ್ಲದೆ ಮಕ್ಕಳು ನೀರಿಗಿಳಿಯಬಾರದು.

ಶಿಬಿರದಲ್ಲಿ ತಂಗಲು ಮುಂಗಡ ಅನುಮತಿ ಪಡೆಯಬೇಕು, ಚಾರಣಕ್ಕೂ ಇಲಾಖೆಯ ಒಪ್ಪಿಗೆ ಬೇಕು. ಬೆಚ್ಚನೆಯ ಬಟ್ಟೆ, ಟಾರ್ಚು, ಒಂದು ನೋಟ್‌ಬುಕ್ ಜೊತೆಗಿರಲಿ. ಧ್ವನಿವರ್ಧಕ ಮನೆಯಲ್ಲೇ ಉಳಿಯಲಿ. ತಿಂಡಿ ಪೊಟ್ಟಣದ ಪ್ಲಾಸ್ಟಿಕ್ ಮಾತ್ರ ಚೀಲದಲ್ಲೇ ಮೈಸೂರಿಗೆ ವಾಪಸು ಬರಲಿ. ಅಲ್ಲಿ ಬಿಟ್ಟರೆ ಅದು ಭದ್ರೆಯೊಡನೆ ಕೆಳಗಿನ ಊರುಗಳವರೆಗೂ ಹೋಗುತ್ತದೆ.