ಗ್ಯಾಮ್ಜಿ ಅಂದ್ರೆ ಹತ್ತಿ

'ದ ಲಾರ್ಡ್ ಆಫ್ ದ ರಿಂಗ್ಸ್'ನ ಸ್ಯಾಮ್ ಗ್ಯಾಮ್ಜಿನ ಯಾರಾದ್ರೂ ಕಾಮಿಡಿ ಸೈಡ್‌ಕಿಕ್ ಅಂದ್ರೆ ನಾನು ಜಗಳಕ್ಕೆ ರೆಡಿ. ಆದರೆ ಒಂದು ಮಾತು ಒಪ್ಪಲೇಬೇಕು: ಅವನ ಮನೆತನದ ಹೆಸರು ಹುಟ್ಟಿದ್ದೇ ತಮಾಷೆಯಿಂದ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಯಾಂಪ್ಸನ್ ಗ್ಯಾಮ್ಜಿ ಅಂತ ಒಬ್ಬ ಸರ್ಜನ್ ಇದ್ದರು. 1880ರಲ್ಲಿ ಅವರು ಗಾಯಕ್ಕೆ ಕಟ್ಟೋ ಹೊಸ ಡ್ರೆಸ್ಸಿಂಗ್ ಕಂಡುಹಿಡಿದರು. ಎರಡು ಪದರ ತೆಳು ಬಟ್ಟೆ, ನಡುವೆ ಹತ್ತಿ. ಆಮೇಲೆ ಆ ಊರಲ್ಲಿ ಹತ್ತಿಗೇ 'ಗ್ಯಾಮ್ಜಿ' ಅನ್ನೋದು ರೂಢಿಯಾಯ್ತು. ಟೋಲ್ಕೀನ್ ಬೆಳೆದದ್ದು ಅಲ್ಲೇ. ದೊಡ್ಡವರಾದ ಮೇಲೆ ಕಾರ್ನ್‌ವಾಲ್‌ಗೆ ರಜೆಗೆ ಹೋದಾಗ, ಹರಟೆ ಹೊಡೀತಾ ಓಡಾಡೋ ಒಬ್ಬ ಮುದುಕನಿಗೆ, ತಮ್ಮ ಮಕ್ಕಳನ್ನ ನಗಿಸೋಕೆ, 'ಗ್ಯಾಫರ್ ಗ್ಯಾಮ್ಜಿ' ಅಂತ ಹೆಸರಿಟ್ಟರು. ಮುಂದೆ ಅದೇ ಸ್ಯಾಮ್‌ನ ಅಪ್ಪನ ಹೆಸರಾಯ್ತು.

ತಮಾಷೆಯ ಹೆಸರು ಅಂತ ಟೋಲ್ಕೀನ್ ಅದನ್ನ ಹಗುರವಾಗಿ ಬಿಡಲಿಲ್ಲ. ರಾಜರಿಗೆ ವಂಶವೃಕ್ಷ ಬರೆದ ಹಾಗೇ ಈ ತೋಟಗಾರರಿಗೂ ಬರೆದರು. ಪುಸ್ತಕದ ಕೊನೆಯ ಅನುಬಂಧ ನೋಡಿ: ಪೂರ್ವಿಕರ ಊರು ಗ್ಯಾಮಿಚ್, ಅದು ಬಾಯಿಂದ ಬಾಯಿಗೆ ಗ್ಯಾಮಿಜ್ ಆಗಿ, ಕೊನೆಗೆ ಗ್ಯಾಮ್ಜಿ. ಸ್ಯಾಮ್ ಮದುವೆಯಾಗೋ ರೋಸಿಯ ಮನೆತನ ಕಾಟನ್! ಆದರೆ ಕಥೆಯೊಳಗೆ ಅದಕ್ಕೂ ಹತ್ತಿಗೂ ಸಂಬಂಧ ಇಲ್ಲ, ಅದೂ ಊರಿನಿಂದ ಬಂದ ಹೆಸರೇ.

1956ರಲ್ಲಿ ಲಂಡನ್‌ನಿಂದ ನಿಜವಾದ ಸ್ಯಾಮ್ ಗ್ಯಾಮ್ಜಿ ಒಬ್ಬರು ಪತ್ರ ಬರೆದು ಕೇಳಿದರು, ನನ್ನ ಹೆಸರು ನಿಮಗೆ ಹೇಗೆ ಸಿಕ್ತು ಅಂತ. ಟೋಲ್ಕೀನ್ ಹತ್ತಿಯ ಕಥೆ ಹೇಳಿ, ಸಹಿ ಮಾಡಿದ ಮೂರೂ ಸಂಪುಟ ಕಳಿಸಿದರು.

ನನಗೆ ತುಂಬಾ ಇಷ್ಟವಾದ ಭಾಗ ಇದರ ನಂತರದ್ದು. ಯುದ್ಧ ಮುಗೀತು, ಯಜಮಾನ ಫ್ರೋಡೋ ತನ್ನ ಮನೆ ಸ್ಯಾಮ್‌ಗೆ ಬಿಟ್ಟು ಹೋದ. ಸ್ಯಾಮ್ ಏಳು ಸಲ ಮೇಯರ್ ಆದ. ಈಗ ಬೇಕಿದ್ದರೆ ಆ ಮನೆಯವರು ಯಾವ ಗತ್ತಿನ ಹೆಸರನ್ನಾದ್ರೂ ಇಟ್ಟುಕೊಳ್ಳಬಹುದಿತ್ತು. ಆದರೆ ಸ್ಯಾಮ್‌ನ ಮಗನ ಕವಲು ಇಟ್ಟುಕೊಂಡಿದ್ದು ಗಾರ್ಡ್ನರ್. ಅಂದ್ರೆ ತೋಟಗಾರ. ಅಪ್ಪ ಮಾಡ್ತಿದ್ದ ಕೂಲಿ ಕೆಲಸವನ್ನ ಅವರು ಮುಚ್ಚಿಡಲಿಲ್ಲ, ಬಾಗಿಲ ಮೇಲಿನ ಬೋರ್ಡ್ ಥರ ಹೆಸರಲ್ಲೇ ಇಟ್ಟುಕೊಂಡರು.

ಪ್ಲೇಸ್‌ಮೆಂಟ್ ಫಾರ್ಮ್‌ನಲ್ಲಿ 'ತಂದೆಯ ಉದ್ಯೋಗ' ಅನ್ನೋ ಕಾಲಂ ಬಂದಾಗ ಪೆನ್ನು ನಿಲ್ಲಿಸಿ ಯೋಚಿಸೋ ಗೆಳೆಯರು ನನಗಿದ್ದಾರೆ. ಅವರಿಗೆಲ್ಲ ಈ ಮನೆತನದ ಪರಿಚಯ ಆಗಬೇಕು.